ದೇವರ ಪಾಲು, ಮನೆಯ ಪಾಲು

ಹೋದ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಡೊಂಬಿವಲಿಯಿಂದ ಅಕ್ಕ ಫೋನು ಮಾಡಿದಳು. "ನೀ ಒಮ್ಮಿ ಬಂದು ಅವನ ಜೋಡಿ ಮಾತಾಡು. ನಮ್ಮ ಮಾತು ಅವನ ಕಿವಿಗೆ ಬೀಳವಲ್ದು" ಅಂದಳು. ಅವಳ ಮಗ ಐರೋಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮೂರು ವರ್ಷದಿಂದ ಕೆಲಸಕ್ಕಿದ್ದ. ಈಗ ನೌಕರಿ ಬಿಟ್ಟು ಪೂರ್ಣಾವಧಿ ದೇವಸೇವೆಗೆ ಇಳಿಯುತ್ತೇನೆ ಎಂದು ಹಟ ಹಿಡಿದಿದ್ದ.

ಭಾನುವಾರ ನೆರೂಳಿನಿಂದ ಹೊರಟು ಠಾಣೆಯಲ್ಲಿ ಗಾಡಿ ಬದಲಿಸಿ ಅಕ್ಕನ ಮನೆ ಮುಟ್ಟುವಾಗ ಮಧ್ಯಾಹ್ನ. ಎಲ್ಲರೂ ಆರಾಧನೆ ಮುಗಿಸಿ ಬಂದಿದ್ದರು. ಒಂದು ಕೋಣೆ, ಒಂದು ಹಾಲು, ಒಂದು ಅಡುಗೆಮನೆಯ ಫ್ಲಾಟು. ಗೋಡೆಗೆ ವಾಕ್ಯದ ಕ್ಯಾಲೆಂಡರು. ಅದರ ಕೆಳಗಿನ ಸ್ಟೂಲಿನ ಮೇಲೆ ಬೆಟಗೇರಿಯಿಂದ ಅಜ್ಜ ತಂದ ಕಪ್ಪು ರಟ್ಟಿನ ಸತ್ಯವೇದ. ಅದರ ಪಕ್ಕದಲ್ಲೇ, ಯಾರೂ ಬೇಕೆಂದು ಇಟ್ಟದ್ದಲ್ಲ, ಅವನ ಓದಿಗೆ ಬ್ಯಾಂಕಿನಿಂದ ಎತ್ತಿದ ಸಾಲದ ಕಾಗದಗಳ ಫೈಲು. ಭಾವ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಪಿಎಫ್ ಹಣ ಮನೆ ಕೊಳ್ಳುವಾಗಲೇ ಕರಗಿತ್ತು. ಚಿಕ್ಕವಳು ಇನ್ನೂ ಡಿಗ್ರಿಯ ಎರಡನೇ ವರ್ಷದಲ್ಲಿದ್ದಳು.

ಊಟವಾದ ಮೇಲೆ ಹುಡುಗ ಶಾಂತವಾಗಿಯೇ ಮಾತು ತೆಗೆದ. "ಮಾಮಾ, ದೇವರು ಪೂರ್ತಿ ಕೇಳ್ಯಾನ. ಅರ್ಧ ಇಟ್ಕೊಂಡು ಪೂರ್ತಿ ಕೊಟ್ಟೀನಿ ಅನ್ನಾಕ ನನಗ ಬಾಯಿ ಬರಂಗಿಲ್ಲ. ಅನನೀಯ ಹಂಗ ಮಾಡಿ ಏನಾದ, ನಿಮಗೂ ಗೊತ್ತೈತಿ." ಹೊಲ ಮಾರಿದ ಹಣದಲ್ಲಿ ಒಂದಿಷ್ಟನ್ನು ಮುಚ್ಚಿಟ್ಟುಕೊಂಡು ಎಲ್ಲವನ್ನೂ ತಂದೆನೆಂದು ಅಪೊಸ್ತಲರ ಮುಂದೆ ನಿಂತವನ ಕಥೆ ಅದು. ನನಗೆ ಉತ್ತರ ಹೊಳೆಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ, ಕೈಗೆ ಮೆತ್ತಿದ್ದ ಜೋಳದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಂದಳು: "ದೇವರಿಗೆ ಕೊಡಪಾ, ನಾ ಬ್ಯಾಡ ಅನ್ನಂಗಿಲ್ಲ. ನಿಂದು ಕೊಡು. ನಂದು ತಗೊಂಡು ಕೊಡಬ್ಯಾಡ."

ಆ ಎರಡು ಮಾತು ಇಟ್ಟುಕೊಂಡು ಅವತ್ತು ಸಂಜೆ ನಾನು ವಾಪಸು ಹೊರಟೆ. ಎರಡೂ ನನಗೆ ನಿಜವೆನಿಸಿದ್ದವು. ಒಂದು ವರ್ಷದಿಂದ ಅವನ್ನೇ ಅತ್ತಿಂದಿತ್ತ ಹೊರಳಿಸುತ್ತ ಬಂದಿದ್ದೇನೆ.

ಠಾಣೆಯಲ್ಲಿ ಗಾಡಿ ಬದಲಿಸುವ ಬದಲು ಹೊರಗೆ ಬಂದು ಮಾಸುಂದಾ ತಲಾವಿನ ಕಡೆ ನಡೆದಿದ್ದೆ. ಕೆರೆಗೆ ಹತ್ತಿರದಲ್ಲೇ ಸಂತ ಸ್ನಾನಿಕ ಯೊವಾನ್ನರ ಇಗರ್ಜಿ ಇದೆ. ಪೋರ್ಚುಗೀಸರ ಕಾಲದಲ್ಲಿ, 16ನೆಯ ಶತಮಾನದಲ್ಲಿ, ಫ್ರಾನ್ಸಿಸ್ಕನ್ ಸಂನ್ಯಾಸಿಗಳು ನೆಲೆಗೊಳಿಸಿದ್ದು. ಆದರೆ ಠಾಣೆಗೆ ಫ್ರಾನ್ಸಿಸ್ಕನ್ನರು ಬಂದದ್ದು ಅದಕ್ಕೂ ಎರಡೂವರೆ ಶತಮಾನ ಮೊದಲು. ದೇವರಿಗೆ ಪೂರ್ತಿ ಕೊಡುವುದೆಂದರೇನು ಎಂದು ಈ ಊರಿನಲ್ಲಿ ಕೇಳುವವರು ಆ ಕಥೆಯನ್ನು ದಾಟಿ ಹೋಗುವ ಹಾಗಿಲ್ಲ.

1321ರ ಏಪ್ರಿಲ್. ತೊಲೆಂತಿನೊ ಊರಿನ ತೋಮಸ್, ಪಾದುವದ ಜೇಮ್ಸ್, ಸಿಯೆನಾದ ಪೀಟರ್, ಜಾರ್ಜಿಯಾದ ತಿಫ್ಲಿಸ್ ಕಡೆಯ ದೆಮೆತ್ರಿಯುಸ್, ಈ ನಾಲ್ವರು ಕೊಲ್ಲಂ ದಾಟಿ ಚೀನಾಕ್ಕೆ ಹೋಗಬೇಕೆಂದು ಹೊರಟವರು ಹಡಗು ತಂದಿಳಿಸಿದ ಠಾಣೆಯಲ್ಲಿ ಉಳಿದಿದ್ದರು. ಜೊತೆಗಿದ್ದ ಜೋರ್ದಾನ್ ಎಂಬ ದೊಮಿನಿಕನ್ ಸಂನ್ಯಾಸಿ ಉತ್ತರದ ಕಡೆ ಹೋಗಿದ್ದ. ಆಗ ಠಾಣೆಯಲ್ಲಿ ಪೂರ್ವ ಸಿರಿಯಾ ಸಂಪ್ರದಾಯದ ಕ್ರೈಸ್ತರ 15 ಮನೆಗಳಿದ್ದವಂತೆ. ಅಂಥ ಒಂದು ಮನೆಯಲ್ಲಿ ನಾಲ್ವರೂ ಇಳಿದುಕೊಂಡಿದ್ದರು. ಒಂದು ದಿನ ಆ ಮನೆಯ ಗಂಡ ಹೆಂಡತಿಗೆ ಹೊಡೆದ. ಹೆಂಡತಿ ಖಾಜಿಯ ಬಳಿ ದೂರು ಕೊಟ್ಟಳು, ಸಾಕ್ಷಿ ಯಾರು ಎಂದು ಕೇಳಿದಾಗ ಮನೆಯಲ್ಲಿರುವ ಪರದೇಶಿ ಸಂನ್ಯಾಸಿಗಳನ್ನು ತೋರಿಸಿದಳು. ಹಾಗೆ ಅವರಿಗೆ ನ್ಯಾಯಸ್ಥಾನದ ಬಾಗಿಲು ತೆರೆಯಿತು. ಗಂಡ ಹೆಂಡಿರ ಜಗಳದ ವಿಚಾರಣೆ ಧರ್ಮದ ವಾದಕ್ಕೆ ತಿರುಗಿತು. ಪ್ರವಾದಿ ಮಹಮ್ಮದರ ಬಗ್ಗೆ ನಿನ್ನ ಅಭಿಪ್ರಾಯವೇನು ಎಂದು ತೋಮಸನನ್ನು ಕೇಳಿದರು. ಅವನು ಮೊದಲು ಜಾರಿಕೊಂಡ, ಕ್ರಿಸ್ತನ ಬಗ್ಗೆ ಹೇಳಿದ್ದೇನಲ್ಲ ಅದರಿಂದ ನೀವೇ ತಿಳಿಯಿರಿ ಎಂಬಂತೆ ಮಾತು ತೇಲಿಸಿದ. ಮತ್ತೆ ಮತ್ತೆ ಕೇಳಿದಾಗ ತನಗೆ ಅನಿಸಿದ್ದನ್ನು ಹೇಳಿಬಿಟ್ಟ. ಆ ಮಾತು ಅಲ್ಲಿದ್ದವರ ಮನಸ್ಸನ್ನು ಆಳವಾಗಿ ನೋಯಿಸಿತು. ನಾಲ್ವರೂ ಕೊಲ್ಲಲ್ಪಟ್ಟರು.

ಇದನ್ನು ಬರೆಸಿಟ್ಟವನು ಪೊರ್ದೆನೋನೆ ಊರಿನ ಒಡೋರಿಕ್. ಕೆಲವೇ ವರ್ಷಗಳಲ್ಲಿ ಇಲ್ಲಿಗೆ ಬಂದು ಅವರ ಎಲುಬುಗಳನ್ನು ಸಂಗ್ರಹಿಸಿ ಚೀನಾದವರೆಗೂ ಹೊತ್ತವನು. ಅವನ ಬರಹದಲ್ಲಿ ಪವಾಡಗಳೂ ಇವೆ, ಪಕ್ಷಪಾತವೂ ಇದೆ. ಆದರೆ ಒಂದು ವಿವರ ನನ್ನನ್ನು ಬಿಟ್ಟಿಲ್ಲ. ಊರಿನ ಅಧಿಕಾರಿ ಒಂದು ಹಂತದಲ್ಲಿ ಅವರನ್ನು ಉಳಿಸಲು ನೋಡಿ, ಖಾಡಿ ದಾಟಿಸಿ ಆಚೆ ದಡದ ಮನೆಯೊಂದರಲ್ಲಿ ಇರಿಸಿದ್ದ. ಆ ಮನೆಯವನು ಕ್ರೈಸ್ತನೂ ಅಲ್ಲ, ಮುಸಲ್ಮಾನನೂ ಅಲ್ಲ. ಅವರನ್ನು ಹುಡುಕಿಕೊಂಡು ಬಂದವರು ಬಂದದ್ದು ಆ ರಾತ್ರಿ.

ತೋಮಸನಿಗೆ 1894ರಲ್ಲಿ ಧನ್ಯತೆಯ ಪದವಿ ಬಂತು. ನಾಲ್ವರ ಹೆಸರೂ ಉಳಿಯಿತು. ಹದಿನೈದು ಮನೆಗಳ ಲೆಕ್ಕವಷ್ಟೇ ಉಳಿಯಿತು. ಹತ್ತಾರು ವರ್ಷ, ಇನ್ನೂ ಹೆಚ್ಚೇ ಇರಬಹುದು, ಬೇರೆ ಧರ್ಮದವರ ಮಧ್ಯೆ ವ್ಯಾಪಾರ ಮಾಡುತ್ತ, ಮಕ್ಕಳಿಗೆ ಹೆಸರಿಡುತ್ತ, ಸತ್ತವರನ್ನು ಹೂಳುತ್ತ ತಮ್ಮ ಪ್ರಾರ್ಥನೆಯನ್ನು ಆರಲು ಬಿಡದೆ ಕಾಪಾಡಿಕೊಂಡವರು ಅವರು. ನಾಲ್ವರು ಅತಿಥಿಗಳ ಒಂದು ಉತ್ತರದಿಂದ ಅವರ ಮನೆಗಳಲ್ಲಿ ಎಂಥ ಭಯ ಹೊಕ್ಕಿರಬೇಕು? ಇನ್ನು ಜೋರ್ದಾನ್. ಅವನು ಬದುಕಿ ಉಳಿದ. ಗೆಳೆಯರನ್ನು ಸೋಪಾರದಲ್ಲಿ ಹೂಳಿ, ಒಬ್ಬಂಟಿಯಾಗಿ ಇದೇ ಕರಾವಳಿಯಲ್ಲಿ ವರ್ಷಗಟ್ಟಲೆ ದುಡಿದ, 1329ರಲ್ಲಿ ಕೊಲ್ಲಂನ ಬಿಷಪ್ ಆಗಿ ನೇಮಕಗೊಂಡ. ಪ್ರಾಣ ಕೊಟ್ಟ ನಾಲ್ವರು, ಉಳಿದು ದುಡಿದ ಒಬ್ಬ, ಮೊದಲಿನಿಂದಲೂ ಇದ್ದ ಹದಿನೈದು ಮನೆ. ಇವರಲ್ಲಿ ದೇವರಿಗೆ ಪೂರ್ಣಹೃದಯ ಕೊಟ್ಟವರು ಯಾರು ಎಂದು ಕೇಳಿದರೆ ನನ್ನ ಸೋದರಳಿಯ ನಾಲ್ವರನ್ನು ತೋರಿಸುತ್ತಾನೆ. ಅಕ್ಕ ಮನೆಗಳನ್ನು ತೋರಿಸುತ್ತಾಳೆ. ನಾನು ಆ ಸಂಜೆ ಕೆರೆಯ ಕಟ್ಟೆಯ ಮೇಲೆ ಕೂತು ಜೋರ್ದಾನನ ಬಗ್ಗೆ ಯೋಚಿಸುತ್ತಿದ್ದೆ.

ಮೊದಲು ಹುಡುಗನ ಪಕ್ಷವನ್ನು ಅದರ ಪೂರ್ತಿ ಬಲದೊಂದಿಗೇ ಹೇಳಬೇಕು. ಅವನನ್ನು ಆವೇಶದ ಹುಡುಗ ಎಂದು ತಳ್ಳಿಹಾಕುವುದು ಅನ್ಯಾಯ.

ದೇವರನ್ನು ಪ್ರೀತಿಸುವ ಮೊದಲ ಆಜ್ಞೆಯಲ್ಲಿ ಶೇಕಡಾ ಲೆಕ್ಕವಿಲ್ಲ. ದಶಮಭಾಗ ಹಣಕ್ಕೆ, ಸಬ್ಬತ್ತು ದಿನಕ್ಕೆ. ಪ್ರೀತಿಯ ವಿಷಯಕ್ಕೆ ಬಂದಾಗ ಪೂರ್ಣ ಎಂಬ ಮಾತು ಪ್ರತಿ ಸಲವೂ ಮರಳಿ ಬರುತ್ತದೆ. ತನಗಿಂತ ಹೆಚ್ಚಾಗಿ ತಂದೆತಾಯಿಯನ್ನು ಪ್ರೀತಿಸುವವನು ತನಗೆ ತಕ್ಕವನಲ್ಲ ಎಂದು ಯೇಸು ಹೇಳಿದ್ದನ್ನು ಮೆದು ಮಾಡಿ ಓದಲು ನಾನು ಎಷ್ಟೋ ಸಲ ಯತ್ನಿಸಿದ್ದೇನೆ, ಅದು ಮೆದುವಾಗುವುದಿಲ್ಲ. ದೊಡ್ಡ ಔತಣದ ಸಾಮ್ಯದಲ್ಲಿ ಕರೆಗೆ ಬಾರದವರ ನೆಪಗಳನ್ನು ನೋಡಿ: ಒಬ್ಬ ಹೊಲ ಕೊಂಡಿದ್ದ, ಒಬ್ಬ ಐದು ಜೋಡಿ ಎತ್ತು ಕೊಂಡಿದ್ದ, ಇನ್ನೊಬ್ಬನಿಗೆ ಆಗಷ್ಟೇ ಮದುವೆಯಾಗಿತ್ತು. ಡೊಂಬಿವಲಿಯಲ್ಲಿ ಇವಕ್ಕೆ ಫ್ಲಾಟು, ಇಎಂಐ, ಮದುವೆ ಎಂದು ಹೆಸರು. ಮೂರೂ ಪಾಪದ ಕೆಲಸಗಳಲ್ಲ, ಮೂರೂ ಒಳ್ಳೆಯವೇ. ಅದಕ್ಕೇ ಆ ಸಾಮ್ಯ ಚುಚ್ಚುತ್ತದೆ.

ಹಾಗೆ ಮನೆ ಬಿಟ್ಟವರಿಲ್ಲದಿದ್ದರೆ ನಾವೇ ಇರುತ್ತಿರಲಿಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಅಪ್ಪ ಅಮ್ಮನನ್ನು ಮತ್ತೆ ನೋಡುವ ಖಾತ್ರಿಯಿಲ್ಲದೆ ಹಡಗು ಹತ್ತಿದ ಇಪ್ಪತ್ತು ಮೂವತ್ತರ ವಯಸ್ಸಿನ ಹುಡುಗರು ಅವರು. ಅವರ ತಾಯಂದಿರೂ ಅಕ್ಕನ ಮಾತನ್ನೇ ಆಡಿರಬೇಕು. ಅವರಲ್ಲೊಬ್ಬ ಕಿಟೆಲ್ 1853ರಲ್ಲಿ ಬಂದು ಕನ್ನಡದ ಒಂದೊಂದು ಶಬ್ದವನ್ನೂ ಹೆಕ್ಕಿ 1894ರಲ್ಲಿ ನಿಘಂಟು ಮುಗಿಸಿಕೊಟ್ಟ. ಅವನನ್ನು ಕಳಿಸಿದ ಮಿಶನ್ನಿಗೂ ಅವನಿಗೂ ಎಲ್ಲ ಕಾಲಕ್ಕೂ ಸರಿಬರಲಿಲ್ಲ, ಸುವಾರ್ತೆ ಸಾರುವ ಸಮಯವನ್ನು ಪದ್ಯ, ಶಬ್ದಗಳಿಗೆ ಸುರಿಯುತ್ತಿದ್ದಾನೆ ಎಂಬ ಅಸಮಾಧಾನ ಇತ್ತು. ಪೂರ್ಣ ಸಮರ್ಪಣೆ ಹೀಗೇ ಕಾಣಬೇಕು ಎಂದು ಅಳೆಯುವವರು ಕಳಿಸಿದ ಮನೆಯಲ್ಲೇ ಇರುತ್ತಾರೆ.

ಈ ಕಡೆಯೂ ಅಂಥವರು ಕಣ್ಣೆದುರಿಗಿದ್ದಾರೆ. 1988ರಲ್ಲಿ ಕಲ್ಯಾಣದ ಹೆಸರಿನಲ್ಲೇ ಸಿರೋ ಮಲಬಾರ್ ಸಭೆಯ ಧರ್ಮಪ್ರಾಂತ್ಯ ಬಂದ ಮೇಲೆ ಕೇರಳದ, ಮಂಗಳೂರು ಕಡೆಯ ಎಷ್ಟೋ ಕನ್ಯಾಸ್ತ್ರೀಯರನ್ನು ಈ ಉಪನಗರಗಳಲ್ಲಿ ನೋಡಿದ್ದೇನೆ. ಶಾಲೆ, ದವಾಖಾನೆ, ಕೊಳೆಗೇರಿಯ ಬಾಲವಾಡಿ. ಅವರಿಗೆ ಸಂಬಳದ ಚೀಟಿಯಿಲ್ಲ, ಊರಿನ ಆಸ್ತಿಯಲ್ಲಿ ಪಾಲು ಕೇಳುವವರಿಲ್ಲ. ಮುದುಕರ ಹಾಸಿಗೆ ಬದಲಿಸುವ ಕೆಲಸವನ್ನು ನಲವತ್ತು ವರ್ಷ ಮಾಡಬೇಕಾದರೆ ಹಿಂದೆ ಒಂದು ಮನೆ ಎಳೆಯುತ್ತಿರಬಾರದು. ಇದು ಕಟುಸತ್ಯ.

ಇನ್ನೊಂದು ಹೆಸರನ್ನು ನವಿ ಮುಂಬಯಿಯಲ್ಲಿ ಬದುಕುವ ನಾನು ಬಿಡಲಾರೆ. ಜೆಸುಯಿಟ್ ಗುರು ಸ್ಟ್ಯಾನ್ ಸ್ವಾಮಿ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನಲ್ಲಿ 1975ರಿಂದ 1986ರವರೆಗೆ ನಿರ್ದೇಶಕರಾಗಿದ್ದವರು. ಆಮೇಲೆ ಜಾರ್ಖಂಡಿನ ಆದಿವಾಸಿಗಳ ಭೂಮಿ, ಜೈಲಿನಲ್ಲಿ ಕೊಳೆಯುತ್ತಿದ್ದ ಅವರ ಹುಡುಗರ ಹಕ್ಕು, ಇವನ್ನೇ ತಮ್ಮ ಗುರುದೀಕ್ಷೆಯ ಕೆಲಸವೆಂದು ಹಿಡಿದರು. 2020ರ ಅಕ್ಟೋಬರಿನಲ್ಲಿ ಎಲ್ಗಾರ್ ಪರಿಷತ್ ಪ್ರಕರಣದಲ್ಲಿ ಬಂಧನವಾಗಿ ಇಲ್ಲಿನ ತಳೋಜಾ ಜೈಲಿಗೆ ಬಂದಾಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ಕಾಯಿಲೆಯಿಂದ ಲೋಟ ಹಿಡಿಯಲು ಕೈ ನಿಲ್ಲದೆ, ಹೀರಿ ಕುಡಿಯುವ ಕೊಳವೆಯ ಲೋಟಕ್ಕಾಗಿ ಕೋರ್ಟಿಗೆ ಅರ್ಜಿ ಹಾಕಿದ್ದರು. ಮಾವೋವಾದಿಗಳೊಂದಿಗೆ ಸಂಬಂಧವಿದೆ ಎಂಬ ಆರೋಪವನ್ನು ಕೊನೆಯವರೆಗೂ ನಿರಾಕರಿಸಿದರು. ವಿಚಾರಣೆ ಶುರುವಾಗುವ ಮೊದಲೇ 2021ರ ಜುಲೈ 5ರಂದು ಬಾಂದ್ರಾದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ಭಕ್ತಿಯಲ್ಲ, ರಾಜಕಾರಣ ಎಂದು ಹೇಳುವ ವಿಶ್ವಾಸಿಗಳು ನಮ್ಮ ಸಭೆಯಲ್ಲೇ ಇದ್ದಾರೆ. ಗುರುಗಳು ಪೂಜೆ ಪ್ರಾರ್ಥನೆ ನೋಡಿಕೊಂಡಿರಬೇಕು ಎಂಬುದು ಅವರ ಮಾತು. ನಾನು ಅದನ್ನು ಒಪ್ಪುವುದಿಲ್ಲ. ಆದರೂ ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಒಬ್ಬ ಗುರುವಿನ ನಿಷ್ಠೆ ಸಣ್ಣ ಸಮುದಾಯದ ಮೇಲೆಲ್ಲ ಅನುಮಾನದ ಕಣ್ಣು ಬೀಳಿಸಬಹುದು ಎಂಬ ಅಂಜಿಕೆ ಅದು. 1321ರ ಹದಿನೈದು ಮನೆಗಳಲ್ಲೂ ಇದ್ದಿರಬಹುದಾದ ಅಂಜಿಕೆ.

ಇನ್ನು ಅಕ್ಕನ ಪಕ್ಷ. ಇದಕ್ಕೆ ನಾನು ನೆನೆಯುವುದು ಮರಾಠಿ ಮನೆಯೊಂದರ ಕಥೆ. ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಹೆಂಡತಿ ಲಕ್ಷ್ಮೀಬಾಯಿಗೆ ಆಗ ಅದು ಸಿಡಿಲು ಬಡಿದಂತೆ. ಚಿಕ್ಕ ಮಗನನ್ನು ಕಟ್ಟಿಕೊಂಡು ಸುಮಾರು ಐದು ವರ್ಷ ಗಂಡನಿಂದ ದೂರವಿದ್ದರು. ಆಮೇಲೆ ಒಟ್ಟಾದರು, 1900ರಲ್ಲಿ ತಾವೂ ಕ್ರೈಸ್ತರಾದರು. ಕ್ರಿಸ್ತನನ್ನು ಅಭಂಗದ ಧಾಟಿಯಲ್ಲಿ ಹಾಡಿದ ದೊಡ್ಡ ಭಕ್ತ ಟಿಳಕರು. ಅವರ ಕೈಗೆ ಬಂದ ಹಣ ಮನೆಯ ಹೊಸಿಲು ಮುಟ್ಟುವುದೇ ಕಷ್ಟವಾಗಿತ್ತು, ದಾರಿಯಲ್ಲಿ ಕಂಡವರ ಕಷ್ಟಕ್ಕೆ ಹೋಗಿಬಿಡುತ್ತಿತ್ತು. ಒಲೆಯ ಮೇಲೆ ಏನಿಡಬೇಕು ಎಂಬ ಚಿಂತೆ ಲಕ್ಷ್ಮೀಬಾಯಿಯ ಪಾಲಿಗೆ ಬಂತು. 1917ರಲ್ಲಿ ಟಿಳಕರು ಮಿಶನ್ನಿನ ಸಂಬಳವನ್ನೂ ಬಿಟ್ಟು ಸಂನ್ಯಾಸಿಯಂತೆ 'ದೇವರ ದರ್ಬಾರು' ಕಟ್ಟಲು ಹೊರಟರು. ಎರಡು ವರ್ಷದಲ್ಲಿ, 1919ರಲ್ಲಿ, ತೀರಿಕೊಂಡರು.

ಲಕ್ಷ್ಮೀಬಾಯಿ ಬರೆದ 'ಸ್ಮೃತಿಚಿತ್ರೆ' ಓದಿದಾಗ ನನಗೆ ಮೊದಲು ಸಿಟ್ಟು ಬಂದಿತ್ತು. ಊರಿಗೆಲ್ಲ ಉದಾರಿಯಾದ ಈ ಮನುಷ್ಯ ಮನೆಯವಳ ಸಹನೆಯನ್ನು ಸಾಲ ಎತ್ತಿ ದೇವರಿಗೆ ಕೊಟ್ಟನಲ್ಲ ಎಂದು. ಎರಡನೆಯ ಸಲ ಓದಿದಾಗ ಬೇರೊಂದು ಕಂಡಿತು. ಅವಳು ದೂರುತ್ತಾಳೆ, ಜಗಳವಾಡುತ್ತಾಳೆ, ಆದರೆ ಅವನನ್ನು ಚಿಕ್ಕವನನ್ನಾಗಿ ಮಾಡುವುದಿಲ್ಲ. ಅವನು ಮನೆಗೆ ಕರೆತಂದ ಅನಾಥ ಮಕ್ಕಳಿಗೆ ತಾಯಾಗುತ್ತಾಳೆ. ಭಕ್ತಿ ಅವನದು, ಬಾಣಲೆ ಅವಳದು ಎಂದು ಹಂಚಿ ನೋಡಿದರೆ ಆ ಪುಸ್ತಕ ಕೈಗೆ ಸಿಗುವುದಿಲ್ಲ. ಮೊದಲ ಐದು ವರ್ಷಗಳ ಬೆಲೆಯನ್ನು ಅವಳನ್ನು ಕೇಳದೆ ಅವಳಿಂದ ತೆರಿಸಲಾಯಿತು. ಮುಂದಿನದನ್ನು ಅವಳೇ ತೆತ್ತಳು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಡತನ.

ಯೇಸುವೇ ಈ ವ್ಯತ್ಯಾಸವನ್ನು ತೋರಿಸಿದ್ದಾನೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮುಡಿಪು, ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದವರನ್ನು ಅವನು ಕಟುವಾಗಿ ಖಂಡಿಸಿದ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯ. ತನಗಿಂತ ಹೆಚ್ಚಾಗಿ ಅಪ್ಪ ಅಮ್ಮನನ್ನು ಪ್ರೀತಿಸಬೇಡ ಎಂದವನೂ ಅವನೇ, ದೇವರ ಹೆಸರಿನಲ್ಲಿ ಅಪ್ಪ ಅಮ್ಮನ ಅನ್ನ ಕಸಿಯಬೇಡ ಎಂದವನೂ ಅವನೇ. ಈ ಎರಡನ್ನೂ ಜೋಡಿಸಿ ಓದಬೇಕು. ನಮ್ಮ ಪ್ರಸಂಗಗಳಲ್ಲಿ ಮೊದಲನೆಯದನ್ನು ಹತ್ತು ಸಲ ಕೇಳಿದರೆ ಎರಡನೆಯದನ್ನು ಒಮ್ಮೆ ಕೇಳುತ್ತೇವೆ. ನಾನು ಕೆಲಕಾಲ ಹೋಗುತ್ತಿದ್ದ ಒಂದು ಪ್ರಾರ್ಥನಾಕೂಟದಲ್ಲಿ, ಗಂಡನಿಗೆ ಹೇಳದೆ ಬಳೆ ಬಿಚ್ಚಿಕೊಟ್ಟ ಹೆಂಗಸನ್ನು ಎದ್ದು ನಿಲ್ಲಿಸಿ ಎಲ್ಲರಿಂದ ಚಪ್ಪಾಳೆ ತಟ್ಟಿಸಿದರು. ಆ ತಿಂಗಳು ಅವಳ ಮಗುವಿನ ಶಾಲೆಯ ಫೀ ಕಟ್ಟಲು ನಾವು ನಾಲ್ಕು ಮನೆಯವರು ಹಣ ಕೂಡಿಸಿದೆವು. ಆ ಚಪ್ಪಾಳೆಯ ಸದ್ದು ನೆನೆದರೆ ಈಗಲೂ ನನಗೆ ನೋವಾಗುತ್ತದೆ.

ಮನೆಯಲ್ಲಿದ್ದು ಪೂರ್ತಿ ಕೊಡುವುದು ಹೇಗಿರುತ್ತದೆ ಎಂಬುದನ್ನೂ ನೋಡಿದ್ದೇನೆ. ನಮ್ಮ ಪಕ್ಕದ ಕಟ್ಟಡದಲ್ಲಿ ಉಡುಪಿ ಕಡೆಯ ಒಬ್ಬ ನರ್ಸ್‌ಬಾಯಿ ಇದ್ದಾರೆ. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಏಳೂವರೆಗೆ ಬರುತ್ತಾರೆ. ಚೀಲ ಇಳಿಸಿ, ಕೈಕಾಲು ತೊಳೆದು, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸುತ್ತಾರೆ. ಕುಡಿಸುವಾಗ ಎಡಗೈ ಬೆರಳಲ್ಲಿ ಜಪಸರದ ಮಣಿ ಸರಿಯುತ್ತಿರುತ್ತದೆ. ಒಂದು ಚಮಚ, ಒಂದು ಮಣಿ. ಅತ್ತೆ ಬಾಯಿ ತೆರೆಯಲು ತಡಮಾಡಿದರೆ ಮಣಿಯೂ ಅಲ್ಲೇ ನಿಲ್ಲುತ್ತದೆ. "ಬಾಯಿ, ಇಗರ್ಜಿಗೆ ಹೋಗಲಿಕ್ಕೆ ಆಗುವುದಿಲ್ಲ ಅಂತ ಬೇಜಾರಿಲ್ಲವಾ?" ಎಂದು ನನ್ನ ಹೆಂಡತಿ ಒಮ್ಮೆ ಕೇಳಿದಳು. "ಬೇಜಾರುಂಟು" ಎಂದರು ಅವರು, "ಇದು ಬಿಟ್ಟು ಹೋದರೆ ಅದಕ್ಕಿಂತ ಜಾಸ್ತಿ ಬೇಜಾರು." ಎರಡೂ ಇದೆ ಎಂದು ಒಪ್ಪಿಕೊಂಡ ಆ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಂಡಿತು.

ನಮ್ಮ ಕಿವಿಗೆ ಕಲ್ಯಾಣ ಎಂದರೆ ಲೋಕಲ್ ಗಾಡಿಯ ನಿಲ್ದಾಣವಷ್ಟೇ ಅಲ್ಲ. ಬೀದರ ಜಿಲ್ಲೆಯ ಇನ್ನೊಂದು ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಇದೇ ವಾದ ನಡೆದಿತ್ತು. ಮನೆ, ಮಾನ, ಬಟ್ಟೆ ಎಲ್ಲವನ್ನೂ ಬಿಟ್ಟು ಬಂದ ಮಹಾದೇವಿಯಕ್ಕನನ್ನು ಶರಣರು ಪರೀಕ್ಷಿಸಿ ಕೊನೆಗೆ ಅಕ್ಕ ಎಂದರು. ಅದೇ ಊರಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಇದ್ದಲ್ಲೇ ಸುರಿದು ಬರಲು ಕಳಿಸಿದಳು. ದಾಸೋಹಕ್ಕಾದರೂ ಸರಿ, ದುರಾಸೆಯ ಅಕ್ಕಿ ಬೇಡವೆಂದು. ದೇವರಿಗೆ ಕೊಡುವುದನ್ನು ಎಲ್ಲಿಂದ ತಂದೆ ಎಂದು ಕೇಳಿದ ಹೆಂಗಸು ಅವಳು. ನಮ್ಮ ಅಕ್ಕ ಲಕ್ಕಮ್ಮನ ಕಥೆ ಕೇಳಿದ್ದಾಳೋ ಇಲ್ಲವೋ, ಮಾತು ಅದೇ.

ಆದರೂ ಅಕ್ಕನ ಪಕ್ಷದಲ್ಲಿ ಪೂರ್ತಿ ಕೂತುಬಿಡಲು ನನಗೆ ಆಗುತ್ತಿಲ್ಲ, ಅದಕ್ಕೆ ಕಾರಣ ನಾನೇ. ಮೂವತ್ತು ವರ್ಷದ ಹಿಂದೆ ನನಗೂ ಒಂದು ಕರೆ ಬಂದಿತ್ತು. ಊರಿನ ಅಯ್ಯನವರು ಕುಷ್ಠರೋಗಿಗಳ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ಕೆಲಸ ಮಾಡುತ್ತೀಯಾ ಎಂದು ಕೇಳಿದ್ದರು. ಅಪ್ಪ ಅಮ್ಮನನ್ನು ಯಾರು ನೋಡುತ್ತಾರೆ ಎಂದೆ. ನಿಜ ಹೇಳಬೇಕೆಂದರೆ ಅಪ್ಪ ಅಮ್ಮನನ್ನು ನಾನು ಆ ಬಗ್ಗೆ ಕೇಳಲೇ ಇಲ್ಲ. ಕೇಳಿದ್ದರೆ ಅಪ್ಪ ಬಹುಶಃ ಹೋಗು ಎನ್ನುತ್ತಿದ್ದರು. ಮನೆಯವರನ್ನು ಕೇಳದೆ ಅವರ ಪಾಲನ್ನು ದೇವರಿಗೆ ಕೊಡುವುದು ಎಷ್ಟು ತಪ್ಪೋ, ಮನೆಯವರನ್ನು ಕೇಳದೆ ಅವರನ್ನು ಮುಂದಿಟ್ಟುಕೊಂಡು ದೇವರಿಗೆ ಇಲ್ಲವೆನ್ನುವುದೂ ಅಷ್ಟೇ ತಪ್ಪು. ನರ್ಸ್‌ಬಾಯಿಯ ಮನೆಗೂ ನನ್ನ ಮನೆಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಅವರು ಅಲ್ಲಿ ನಿಂತದ್ದು ಕೊಡಲಿಕ್ಕೆ. ನಾನು ನಿಂತದ್ದು ಉಳಿಸಿಕೊಳ್ಳಲಿಕ್ಕೆ.

ಮುಂದಿನ ವಾರ ಮತ್ತೆ ಡೊಂಬಿವಲಿಗೆ ಹೋಗಿ ಹುಡುಗನಿಗೆ ಇದನ್ನು ಹೇಳಿದೆ. ಬುದ್ಧಿವಾದವೆಂದಲ್ಲ, ನನ್ನ ಕಥೆಯೆಂದೇ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಜ್ಜನ ಸತ್ಯವೇದ ತೆಗೆದು ನನಗೆ ಎರಡು ಕಡೆ ತೋರಿಸಿದ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದ ಮೂಲ ಆಜ್ಞೆಯಲ್ಲಿ ಹೃದಯ, ಪ್ರಾಣ, ಶಕ್ತಿ ಎಂದು ಮೂರೇ ಇವೆ. ಮಾರ್ಕನ 12ನೆಯ ಅಧ್ಯಾಯದಲ್ಲಿ ಯೇಸು ಅದನ್ನು ಹೇಳುವಾಗ ನಾಲ್ಕಾಗಿದೆ, ಬುದ್ಧಿಯೂ ಸೇರಿದೆ. "ಇದನ್ನ ನಾ ಇಷ್ಟ ದಿನ ನೋಡಿದ್ದಿಲ್ಲ ಮಾಮಾ" ಎಂದ. ನಾನೂ ನೋಡಿರಲಿಲ್ಲ.

ಅವನು ಕೆಲಸ ಬಿಡುವುದನ್ನು ಮುಂದಕ್ಕೆ ಹಾಕಿದ. ಹತ್ತು ತಿಂಗಳು ಸಂಬಳದ ಬಹುಪಾಲನ್ನು ಸಾಲಕ್ಕೇ ಕಟ್ಟಿದ. ಶನಿವಾರಗಳಲ್ಲಿ ಉಲ್ಲಾಸನಗರದ ಕಡೆ ಸಭಾಪಾಲಕರ ಜೊತೆ ಮನೆಮನೆ ಭೇಟಿಗೆ ಹೋದ. ಈ ಹೋಗುವಿಕೆಯಲ್ಲೇ ಆವೇಶ ಇಳಿದೀತು ಎಂದು ಅಕ್ಕ ಒಳಗೊಳಗೇ ಎಣಿಸಿದ್ದಳು ಎಂದು ನನಗೆ ಆಮೇಲೆ ಹೇಳಿದಳು. ಅದು ಇಳಿಯಲಿಲ್ಲ, ಗಟ್ಟಿಯಾಯಿತು. ಸಾಲ ತೀರಿದ ಪತ್ರವನ್ನು ಬ್ಯಾಂಕಿನಿಂದ ತಂದು ಅವ್ವನ ಕೈಗೆ ಕೊಟ್ಟ ದಿನ ತಂಗಿಯ ಫೀ ಇನ್ನೂ ಒಂದು ವರ್ಷದ್ದು ಬಾಕಿ ಇದೆ, ಅದನ್ನೇನು ಮಾಡಲಿ ಎಂದು ಎಲ್ಲರ ಮುಂದೆ ಕೇಳಿದ. ಇನ್ನೊಂದು ವರ್ಷ ನಿಲ್ಲಲು ತಯಾರಿದ್ದ. ಆಗ ಅಲ್ಲಿಯವರೆಗೆ ಬಾಯಿ ಬಿಡದಿದ್ದ ಭಾವ ಮಾತಾಡಿದರು. "ಅದು ನಂದು. ನೀ ಹೋಗು."

ಈ ಜೂನಿನಲ್ಲಿ ಅವನು ಮಂಗಳೂರಿನ ದೇವಶಾಸ್ತ್ರದ ಕಾಲೇಜಿಗೆ ಹೊರಟ. ಠಾಣೆಯಲ್ಲಿ ಮತ್ಸ್ಯಗಂಧಾ ಹತ್ತಿಸಲು ನಾವೆಲ್ಲ ಹೋಗಿದ್ದೆವು. ಮಳೆ ಜೋರಿತ್ತು, ಗಾಡಿ ನಿಲ್ಲುವುದು ಕೆಲವೇ ನಿಮಿಷ. ಅಕ್ಕ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಯನ್ನು ಕಿಟಕಿಯಿಂದಲೇ ಕೊಟ್ಟಳು. ಭಾವ ಕೊನೆಯ ಗಳಿಗೆಗೆ ಓಡಿಬಂದರು. ಮೈಮೇಲೆ ಹೊಸ ನೀಲಿ ಸಮವಸ್ತ್ರ. 62ನೆಯ ವಯಸ್ಸಿನಲ್ಲಿ ಒಂದು ಗೋದಾಮಿನಲ್ಲಿ ಕಾವಲು ಕೆಲಸಕ್ಕೆ ಸೇರಿದ್ದರು, ಮಧ್ಯಾಹ್ನದ ಪಾಳಿಗೆ ಒಂದು ತಾಸು ರಜೆ ಕೇಳಿಕೊಂಡು ಬಂದಿದ್ದರು. ಮಗನ ತಲೆಯ ಮೇಲೆ ಕಿಟಕಿಯ ಸರಳುಗಳ ನಡುವಿನಿಂದ ಕೈ ತೂರಿಸಿ ಇಡಲು ನೋಡಿದರು. ಎಟುಕಲಿಲ್ಲ. ಹುಡುಗ ತಲೆ ಬಗ್ಗಿಸಿದ.

ಗಾಡಿ ಹೋದ ಮೇಲೆ ಮೇಲ್ಸೇತುವೆ ಹತ್ತುತ್ತ ಕೇಳಿದೆ, "ಭಾವ, ಈ ವಯಸ್ಸಿನಾಗ ಭಾರ ಆಗಂಗಿಲ್ಲೇನ್ರಿ?"

"ಆಕ್ಕೈತಿ" ಅಂದರು. ನಾಲ್ಕು ಮೆಟ್ಟಿಲು ಹತ್ತಿ ಉಸಿರು ತಗೊಂಡು ಮತ್ತೆ ಅಂದರು, "ಆದ್ರ ಕೇಳಿ ಇಸ್ಕೊಂಡಾನ."

ಅಕ್ಕ ನಮಗಿಂತ ಮುಂದೆ ಹೋಗುತ್ತಿದ್ದಳು, ಕೊಡೆ ಬಿಚ್ಚಿರಲಿಲ್ಲ.